ಮುಷ್ಟಿ ಎತ್ತಿದರೆ ನಿಲ್ಲಬೇಕು

ಅಮ್ಮಾ,

ತಮ್ಮ ಮಾತಾಡಿದ. ಮೊದಲು ಅದನ್ನೇ ಬರೆದುಬಿಟ್ಟೆ, ಉಸಿರು ಬಿಡು.

ಹೆಲಿಕಾಪ್ಟರಿನಲ್ಲಿ ಬರುವ ಪಡೆಗಿಂತ ಮುಂಚೆ ಕಾಡಿನೊಳಗೆ ನುಸುಳಿ, ಎಲ್ಲಿ ಇಳಿಯಬಹುದೆಂದು ನೋಡಿ ತಿಳಿಸುವುದು ಇವನ ತಂಡದ ಕೆಲಸವಂತೆ. ಅಲ್ಲಿ ಪಿಟ್ಟೆನ್ನುವಂತಿಲ್ಲ, ಎಲ್ಲವೂ ಕೈಸನ್ನೆ. ಇಪ್ಪತ್ತು ದಿನ ಹಾಗಿದ್ದವನು, ಕಾಲಿಗೆ ಗುಂಡು ತಗುಲಿ ಆಸ್ಪತ್ರೆಗೆ ಬಂದ ಮೇಲೂ ತುಟಿ ಬಿಚ್ಚಿರಲಿಲ್ಲ. ನಾನು ಪದ್ಯ ಓದಿದರೆ ಮೇಲಿನ ಮಾಡು ನೋಡುತ್ತಾ ಮಲಗಿರುತ್ತಿದ್ದ.

ಈ ಬೆಳಿಗ್ಗೆ ಆಯಾ ನೆಲ ಒರೆಸಿ ಹೋಗಿದ್ದಳು. ನಾನು ಫ್ಲಾಸ್ಕ್ ಹಿಡಿದು ಒಳಗೆ ಬಂದೆ. ಇವನು ತಟ್ಟನೆ ಮುಷ್ಟಿ ಎತ್ತಿದ. ವಾರ್ಡಿನಲ್ಲಿದ್ದ ಇವನ ತಂಡದವರೆಲ್ಲ, ಊರುಗೋಲಿನವನೂ ಸೇರಿ, ಇದ್ದಲ್ಲೇ ಕಲ್ಲಾದರು. ನನ್ನ ಮೇಲೇ ಸಿಟ್ಟೇನೋ ಎಂದು ನಾನೊಬ್ಬಳು ಬಿರಬಿರನೆ ನಡೆದು, ಜಾರಿ, ಧೊಪ್ಪನೆ ಬಿದ್ದೆ.

"ಅಯ್ಯೋ ಪೆದ್ದಿ! ಮುಷ್ಟಿ ಎತ್ತಿದ್ರೆ ನಿಲ್ಬೇಕು ಕಣೇ ಅಕ್ಕಾ!"

ಗಾಯ ಒಣಗುತ್ತಿದೆ, ಜ್ವರವಿಲ್ಲ. ನನ್ನ ಸೊಂಟಕ್ಕೂ ಮುಲಾಮು ಸಿಕ್ಕಿತು. ಈಗ ನರ್ಸಮ್ಮ ಬಂದು ಮುಷ್ಟಿ ಎತ್ತಿದರೂ ಇವನ ಬಾಯಿ ನಿಲ್ಲುತ್ತಿಲ್ಲ.

ನಿನ್ನ ದೊಡ್ಡವಳು