ಹೊಸ್ತಿಲ ಮೇಲೆ ಕೂತವಳು

ಪ್ರೀತಿಯ ಇಬು, ನನ್ನ ಅಮ್ಮಾ,

ಸಮಸ್ತ ಜಾವಾ ದ್ವೀಪಕ್ಕೆ ತಿಳಿಯಲಿ: ಸುರಬಾಯದ ಈ ಆಸ್ಪತ್ರೆಯ ಗಂಜಿಗೆ ಉಪ್ಪಿಲ್ಲ.

ಇನ್ನು ಸಣ್ಣ ಸುದ್ದಿ. ಇಪ್ಪತ್ನಾಲ್ಕು ವರ್ಷದ ನಿಮ್ಮ ಮಗಳ ಯೋನಿಯೊಳಗೆ ಹುಟ್ಟಿನಿಂದಲೇ ಒಂದು ಅಡ್ಡಪೊರೆಯಿದೆಯಂತೆ. ಅದರಲ್ಲಿ ಸೂಜಿಮೊನೆಯಷ್ಟೇ ಸಂದು. ತಿಂಗಳ ರಕ್ತ ಒಳಗೇ ನಿಂತು ನೋವಾಗುತ್ತಿತ್ತು. ನೀವು ಕುಡಿಸಿದ ಅರಿಶಿನ-ಹುಣಸೆಯ ಕಷಾಯ ಪಾಪ, ಏನು ಮಾಡೀತು!

“ಹೊಸ್ತಿಲ ಮೇಲೆ ಕೂತಿದ್ದಕ್ಕೇ ಹೀಗಾಯ್ತು ಅಂತಾರೆ ದೊಡ್ಡಮ್ಮ,” ಅಂದೆ.

“ಹುಟ್ಟೋಕ್ಮುಂಚೆ ಯಾವ ಹೊಸ್ತಿಲ ಮೇಲೆ ಕೂತಿದ್ದೆ ತಾಯಿ?” ಅಂದರು ಡಾಕ್ಟರಮ್ಮ.

ನಾಳೆ ಬೆಳಿಗ್ಗೆ ಪೊರೆ ಕತ್ತರಿಸುತ್ತಾರೆ. ಆಮೇಲೆ ಮೂರು ತಿಂಗಳು ದಿನವೂ ನಾನೇ ಒಂದು ನಳಿಕೆಯನ್ನು ಒಳಗಿಟ್ಟುಕೊಂಡು ಮಲಗಿರಬೇಕು. ತಪ್ಪಿದರೆ ದಾರಿ ಮತ್ತೆ ಮುಚ್ಚಿಕೊಳ್ಳಬಹುದು. ಈ ಕಾಗದ ನಾಲ್ಕನೇ ಸಲ ಬರೆಯುತ್ತಿದ್ದೇನೆ.

ದೊಡ್ಡಮ್ಮ ಕೂಗದೆಯೇ ಒಳನುಗ್ಗುವವರು. ನಾನು ಬರುವುದರೊಳಗೆ ಕೋಣೆಯ ಬಾಗಿಲಿಗೆ ಒಳಗಿನಿಂದ ಒಂದು ಚಿಲಕ ಹಾಕಿಸಿಬಿಡಿ.

ನಿಮ್ಮ,
ವೆನಿಂಗ್