ಪಪ್ಪ ತೆಗೆದ ದೇವರು

ಕಾಪು
ಭಾನುವಾರ, 23 ನವೆಂಬರ್ 2025

ಪ್ರೀತಿಯ ವಿಲ್ಮಾ,

ನಿನ್ನ ಎರಡು ಕಾಗದಗಳು ಬಂದು ಒಂದೂವರೆ ತಿಂಗಳಾಯಿತು. ಉತ್ತರ ಬರೆಯದೆ ಇದ್ದದ್ದಕ್ಕೆ ಕಾರಣ ಹುಡುಕಿದರೆ ಸಿಗುತ್ತದೆ. ಪಪ್ಪನ ಮಂಡಿನೋವು, ದಿನಾ ಮಣಿಪಾಲಕ್ಕೆ ಎರಡೆರಡು ಬಸ್ಸು, ಆಸ್ಪತ್ರೆಯ ಹಳೆಯ ದಾಖಲೆಗಳನ್ನೆಲ್ಲ ಈ ವರ್ಷವೇ ಸ್ಕ್ಯಾನ್ ಮಾಡಿ ಮುಗಿಸಬೇಕೆಂಬ ಗಡುವು. ಯಾವುದೂ ಸುಳ್ಳಲ್ಲ, ಆದರೆ ಯಾವುದೂ ಪೂರ್ತಿ ಕಾರಣವೂ ಅಲ್ಲ. ಸುಸ್ತಾಗಿದೆ, ಅಷ್ಟೆ. ಮಲಗಿ ಎದ್ದರೆ ಹೋಗುವ ಸುಸ್ತಲ್ಲ.

ನೀನಿರುವ ಪೆರ್ಡೂರು ಇಲ್ಲಿಂದ ಸಮುದ್ರದಾಚೆ ಏನಿಲ್ಲ, ಫೋನು ಮಾಡಬಹುದಿತ್ತು. ಫೋನಿನಲ್ಲಿ ನಾವಿಬ್ಬರೂ ಬಂಗುಡೆ ಮೀನಿನ ರೇಟು, ನಿನ್ನ ಮಗಳ ಪರೀಕ್ಷೆ ಅಂತ ಮಾತಾಡಿ ಇಟ್ಟುಬಿಡುತ್ತೇವೆ. ಕೊಂಕಣಿಯಲ್ಲಿ ಬರೆಯಲು ಕೂತೆ, ಎರಡನೇ ಸಾಲಿಗೇ ಅಳು ಬಂತು. ಇಂಗ್ಲಿಷಿನಲ್ಲಿ ಬರೆದರೆ ರಜೆಯ ಅರ್ಜಿಯ ಹಾಗಾಯಿತು. ಹಾಗಾಗಿ ಕನ್ನಡ. ನೀನು ಕನ್ನಡ ಟೀಚರ್, ಅಕ್ಕನ ಕಾನ್ವೆಂಟ್ ಕನ್ನಡ ಎಂದು ಬೇಕಾದರೆ ನಗು, ಕೆಂಪು ಪೆನ್ನು ಮಾತ್ರ ಹಿಡಿಯಬೇಡ.

ನೀನು ಪಪ್ಪನನ್ನು ವಿಚಾರಿಸುವುದಿಲ್ಲ. ನಿನ್ನ ಮದುವೆಯಾದಂದಿನಿಂದ, ಹತ್ತೊಂಬತ್ತು ವರ್ಷದಿಂದ, ಅವರೂ ನಿನ್ನ ಹೆಸರೆತ್ತುವುದಿಲ್ಲ. ಆದರೂ ಈ ಸಲ ಅವರ ವಿಷಯವನ್ನೇ ಬರೆಯಬೇಕು.

ಪಡುಬೈಲಿನ ವಿಷ್ಣುಮೂರ್ತಿ ದೇವಸ್ಥಾನ ನಿನಗೆ ನೆನಪಿರಬಹುದು. ಅಲ್ಲಿಯ ಕಲ್ಲಿನ ವಿಗ್ರಹ ಕಳುವಾದಾಗ ನಿನಗೆ ಮೂರು ವರ್ಷ, ನನಗೆ ಆರು. ಅದಕ್ಕೂ ಒಂದು ವರ್ಷ ಮೊದಲು ಯಾವುದೋ ಕ್ಯಾಲೆಂಡರಿಗಾಗಿ ಸ್ಟುಡಿಯೊದಿಂದ ಪಪ್ಪನನ್ನು ಕರೆಸಿ, ಗರ್ಭಗುಡಿಯ ಎದುರು ನಿಲ್ಲಿಸಿ, ಒಂದೇ ಒಂದು ಫೋಟೋ ತೆಗೆಯಲು ಬಿಟ್ಟಿದ್ದರಂತೆ. ಕ್ಯಾಲೆಂಡರು ಆಗಲೇ ಇಲ್ಲ, ನೆಗೆಟಿವ್ ಡಬ್ಬಿಯಲ್ಲಿ ಉಳಿಯಿತು. ಕಳ್ಳತನ ಆದ ಮೇಲೆ ದೇವರ ರೂಪ ಎಂದು ಊರಿಗೆ ಉಳಿದದ್ದು ಅದೊಂದೇ. ವಿಗ್ರಹ ಮರಳಿ ಸಿಗಬಹುದೆಂದು ನಲವತ್ತು ವರ್ಷ ಕಾದರು. ಪೀಠದ ಮೇಲೆ ಕಲಶ, ಅದರ ಹಿಂದೆ ಪಪ್ಪನ ಫೋಟೋ. ಮನೆಮನೆಯ ದೇವರ ಕೋಣೆಯಲ್ಲಿಯೂ ಅದೇ. ಉಡುಪಿಯಿಂದ ಬಂದ ಒಬ್ಬ ವಿದ್ವಾಂಸರು ಫೋಟೋದಲ್ಲಿನ ಕೈಗಳನ್ನು ನೋಡಿ, ಇದು ವಿಷ್ಣುವಿನ ಇಪ್ಪತ್ತನಾಲ್ಕು ರೂಪಗಳಲ್ಲಿ ಮಾಧವ ಎಂದರು. ಆಮೇಲೆ ಬೋರ್ಡಿನಲ್ಲಿ ಮಾಧವ, ರಶೀದಿಯಲ್ಲಿ ಮಾಧವ, ಊರಿನ ಅರ್ಧ ಮಕ್ಕಳೂ ಮಾಧವ.

ಈಗ ಕಾರ್ಕಳದಲ್ಲಿ ಹೊಸ ವಿಗ್ರಹ ಕೆತ್ತಿಸುತ್ತಿದ್ದಾರೆ. ಫೆಬ್ರವರಿಯಲ್ಲಿ ಪ್ರತಿಷ್ಠೆ. ಮೊಕ್ತೇಸರರಾದ ಮುದ್ದಣ್ಣ ಶೆಟ್ರು ಸೆಪ್ಟೆಂಬರಿನಲ್ಲಿ ಮನೆಗೆ ಬಂದು, ಆ ದಿನ ಪಪ್ಪನಿಗೆ ಶಾಲು ಹೊದಿಸಿ ಸನ್ಮಾನ ಎಂದರು. "ನೀವಿಲ್ಲದಿದ್ದರೆ ನಮ್ಮ ದೇವರಿಗೆ ಮುಖವೇ ಇರ್ತಿರಲಿಲ್ಲ ಪೊರ್ಬುಗಳೇ." ಪಪ್ಪ ಬೇಡ ಬೇಡ ಎಂದರು. ನಾನು ವಿನಯ ಎಂದುಕೊಂಡೆ. ಪಪ್ಪನನ್ನು ನೋಡಿಕೊಳ್ಳುವ ಬೇಬಿ ಸುಮ್ಮನಿರುವವಳಲ್ಲವಲ್ಲ, "ಶಾಲಿಗೆ ಮೊದಲು ಈ ಬನಿಯನ್ ಬದಲಿಸ್ಲಿ" ಎಂದಳು.

ಸ್ಮರಣ ಸಂಚಿಕೆಗೆ ದೊಡ್ಡ, ಸ್ಪಷ್ಟ ಚಿತ್ರ ಬೇಕೆಂದು ಶೆಟ್ರು ಕೇಳಿದ್ದರು. ನಾನು ಮೂಲ ನೆಗೆಟಿವನ್ನೇ ಹುಡುಕಿ ತೆಗೆದು ಸ್ಕ್ಯಾನ್ ಮಾಡಿದೆ. ಫಿಲ್ಮಿನ ಅಂಚಿನಲ್ಲಿ ಕಂಪೆನಿಯ ಹೆಸರು, ಅಂಕಿ ಇರುತ್ತದೆ. ಅವು ನೇರವಾಗಿ ಓದಿಸಿಕೊಂಡರೆ ಚಿತ್ರವೂ ನೇರ. ಹಾಗೆ ಇಟ್ಟು ನೋಡಿದರೆ ದೇವರು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಕೊಂಡರು. ಬಲಗೈಯ ಗದೆ ಎಡಕ್ಕೆ, ಎಡಗೈಯ ಪದ್ಮ ಬಲಕ್ಕೆ. ಮೇಲಿನ ಕೈಗಳ ಶಂಖ ಚಕ್ರವೂ ಅದಲುಬದಲು. ಅಂದರೆ ಪಪ್ಪ ಡಾರ್ಕ್ ರೂಮಿನಲ್ಲಿ ನೆಗೆಟಿವನ್ನು ಮಗುಚಿ ಇಟ್ಟು ಪ್ರಿಂಟ್ ತೆಗೆದಿದ್ದರು. ಪುಸ್ತಕ ತೆಗೆದು ನೋಡಿದೆ. ಕೆಳಗಿನ ಬಲಗೈಯಲ್ಲಿ ಪದ್ಮ ಇರುವ ಆ ರೂಪ ಮಾಧವ ಅಲ್ಲ, ಕೇಶವ.

ಮೂರು ವಾರ ಬಾಯಿ ಬಿಡಲಿಲ್ಲ. ಹೇಳಿದರೆ ಎಂಬತ್ತಮೂರು ವರ್ಷದ ಪಪ್ಪ ಇಡೀ ಜೀವನದಲ್ಲಿ ಗಳಿಸಿದ ಒಂದೇ ಒಂದು ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಒಂದು ಊರು ತನ್ನದಲ್ಲದ ರೂಪವನ್ನು ಕಲ್ಲಿನಲ್ಲಿ ಶಾಶ್ವತವಾಗಿ ನಿಲ್ಲಿಸುತ್ತದೆ. ನಿಮ್ಮ ದೇವರು ತಪ್ಪು ಎಂದು ಹೇಳಲು ನಾನು ಯಾರು, ಅದೂ ಕ್ರಿಶ್ಚಿಯನ್ ಹೆಂಗಸು, ಎಂದೂ ಅನ್ನಿಸಿತು. ಪೂಜೆ ಮಾಡುವವರಿಗೆ ಕೈ ಯಾವುದಾದರೆ ಏನು? ಒಂದು ದಿನ ಜಪಮಾಲೆ ಹಿಡಿದು ತೇರ್ಸ್ ಹೇಳುವಾಗ ಕಣ್ಣು ಮುಚ್ಚಿ ನನ್ನನ್ನೇ ಕೇಳಿಕೊಂಡೆ: ನಮ್ಮ ಹಾಲ್‌ನ ಗೋಡೆಯ ಪಟದಲ್ಲಿ ಯೇಸು ಹೃದಯವನ್ನು ತೋರಿಸುವುದು ಯಾವ ಕೈಯಿಂದ? ಹುಟ್ಟಿದಾಗಿನಿಂದ ನೋಡಿದ ಪಟ, ಹೇಳಲಾಗಲಿಲ್ಲ. ಇದರಿಂದ ಸಮಾಧಾನ ಸಿಗಬೇಕಿತ್ತು. ನಾಚಿಕೆ ಆಯಿತು.

ಕೊನೆಗೆ ರಜೆ ಹಾಕಿ ಕಾರ್ಕಳಕ್ಕೆ ಹೋದೆ. ಶಿಲ್ಪಿ ಆಚಾರ್ರು ನನಗಿಂತ ಚಿಕ್ಕವರೇ ಇರಬೇಕು, ತಲೆಯೆಲ್ಲ ಕಲ್ಲಿನ ಹುಡಿಯಿಂದ ಬೆಳ್ಳಗಾಗಿತ್ತು. ಮುಖ, ಕಿರೀಟ ಮೂಡಿದ್ದವು. ನಾಲ್ಕು ಕೈಗಳ ಜಾಗದಲ್ಲಿ ಇನ್ನೂ ಕಲ್ಲಿನ ಉಂಡೆಗಳು. ನಾನು ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟೆ. ಅವರು ಉಳಿ ಕೆಳಗಿಟ್ಟರು.

"ಎದೆ ಮೇಲೆ ಹೂವಿನ ಮಾಲೆ ಉಂಟಲ್ವಾ ಬಾಯಮ್ಮ, ಅದಕ್ಕೇ ಗೊತ್ತಾಗಲಿಲ್ಲ. ಜನಿವಾರ ಕಂಡಿದ್ದರೆ ನಾನೇ ಹಿಡೀತಿದ್ದೆ. ಎಡ ಹೆಗಲಿನಿಂದ ಇಳಿಯಬೇಕಾದ್ದು ಬಲದಿಂದ ಇಳೀತಿತ್ತು."

"ಕೈ ಬದಲಾದರೆ ಅಷ್ಟು ವ್ಯತ್ಯಾಸವಾ?" ಎಂದು ಕೇಳಿದೆ. ಇಲ್ಲ ಎಂದಾರು ಎಂಬ ಆಸೆ ನನಗಿತ್ತು.

"ಶಂಖ ಅಂದರೆ ಕರೆಯುವುದು. ಚಕ್ರ ಅಂದರೆ ಕಾಲ. ಗದೆ ಬಲ. ಪದ್ಮ ಅಂದರೆ ಅರಳುವುದು. ಇಪ್ಪತ್ತನಾಲ್ಕು ರೂಪಕ್ಕೂ ಇದೇ ನಾಲ್ಕು. ಯಾವ ಕೈಯಲ್ಲಿ ಯಾವುದು ಎನ್ನುವುದೇ ಹೆಸರು. ಕೆಳಗಿನ ಬಲಗೈಯಿಂದ ಓದಲಿಕ್ಕೆ ಶುರು ಮಾಡಬೇಕು. ನಮ್ಮ ಅಜ್ಜ ಹೇಳ್ತಿದ್ರು, ಬಂದವನ ಕಡೆಗೆ ದೇವರು ಮೊದಲು ಚಾಚುವ ಕೈ ಅದು ಅಂತ." ನೇರವಾದ ಚಿತ್ರವನ್ನು ಕೈಗೆತ್ತಿಕೊಂಡು, "ಇವರು ಹೂ ಹಿಡಿದು ಕಾಯ್ತಿದ್ರು. ನಾವು ಗದೆ ನೋಡಿ ಕೈ ಮುಗಿದೆವು" ಎಂದರು.

ಮಾಧವನ ಗದೆ ಸಿಟ್ಟಿನದಲ್ಲವೆಂದೂ, ಅದೂ ಕೃಪೆಯೇ ಎಂದೂ ಅವರೇ ಆಮೇಲೆ ವಿವರಿಸಿದರು. ಆದರೆ ಆ ಮೊದಲ ಮಾತು ನನ್ನೊಳಗೆ ಕೂತಿತು. ನಿನ್ನ ಕಡೆಗೆ ನಮ್ಮ ಮನೆ ಮೊದಲು ಚಾಚಿದ ಕೈಯಲ್ಲಿ ಏನಿತ್ತು ಎಂದು ಬಸ್ಸಿನಲ್ಲಿ ಕೂತು ಯೋಚಿಸಿದೆ.

"ಗುರುವಾರ ಗದೆ ಇಳಿಸ್ತೇನೆ. ಒಮ್ಮೆ ಉಳಿ ಬಿದ್ದರೆ ಮತ್ತೆ ತಿದ್ದಲಿಕ್ಕೆ ಇಲ್ಲ" ಎಂದಿದ್ದರು ಆಚಾರ್ರು. ಅದು ಸೋಮವಾರ.

ಮನೆಗೆ ಬಂದು ಪಪ್ಪನ ಎದುರು ಸ್ಟೂಲು ಎಳೆದು ಕೂತೆ. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆ. "ಪಪ್ಪಾ, ಆ ದೇವರ ಫೋಟೋ..." ಎಂದೆ, ಅಷ್ಟೆ.

"ಉಲ್ಟಾ" ಎಂದರು. "ಗೊತ್ತುಂಟು."

ವಿಲ್ಮಾ, ನಾನು ಚಿತ್ರಗಳನ್ನು ಇನ್ನೂ ಚೀಲದಿಂದ ಹೊರಗೆ ತೆಗೆದೂ ಇರಲಿಲ್ಲ.

ಕಳ್ಳತನ ಆದ ದಿನ ಸ್ಟುಡಿಯೊದ ಹೊರಗೆ ಜನವೋ ಜನವಂತೆ. ಅವಸರದಲ್ಲಿ ಪ್ರಿಂಟ್ ತೆಗೆದರಂತೆ. ಮುದ್ದಣ್ಣ ಶೆಟ್ರ ತಾಯಿ, ಇನ್ನೂ ಒದ್ದೆ ಇದ್ದ ಪ್ರಿಂಟನ್ನೇ ಎಳೆದುಕೊಂಡು ಕಣ್ಣಿಗೊತ್ತಿಕೊಂಡು ಅತ್ತರಂತೆ. ತಪ್ಪು ಕಂಡದ್ದು ಮೂರನೇ ದಿನ, ಆಗಲೇ ಅರವತ್ತು ಪ್ರತಿ ಹೋಗಿತ್ತು. "ಪೂಜೆಯ ಭಟ್ರಿಗೆ ಮಾತ್ರ ಗೊತ್ತಾಗಿರಬೇಕು. ದೇವರಿಗೆ ದಿನಾ ಸ್ನಾನ ಮಾಡಿಸಿದವರಲ್ವಾ? ಅವರು ಫೋಟೋ ತುಂಬಾ ಹೊತ್ತು ನೋಡಿದರು. ನನ್ನನ್ನೂ ನೋಡಿದರು. ಎಂತದೂ ಹೇಳಲಿಲ್ಲ ಮಗಾ, ಫೋಟೋಕ್ಕೆ ಕೈ ಮುಗಿದರು. ಅವರು ಸುಮ್ಮನಿದ್ದದ್ದು ನೋಡಿ ನಾನೂ ಸುಮ್ಮನಾದೆ. ಮರುವರ್ಷ ಹೇಳುವಾ ಅಂದುಕೊಂಡೆ. ಮರುವರ್ಷ ಇನ್ನೂ ಕಷ್ಟ ಆಯ್ತು."

"ಈಗ ಎಂತ ಮಾಡುವುದು ಪಪ್ಪಾ?"

"ಶೆಟ್ರಿಗೆ ಬರ್ಲಿಕ್ಕೆ ಹೇಳು. ನೀನು ಹೇಳಬೇಡ. ಪ್ರಿಂಟ್ ತೆಗೆದವ ನಾನು."

ಮರುದಿನ ಶೆಟ್ರು ಬಂದರು. ಪಪ್ಪ ಅಂಗಿ ಹಾಕಿ, ಗುಂಡಿ ಹಾಕಿಸಿಕೊಂಡು, ಗೋಡೆ ಹಿಡಿದು ನಿಂತೇ ಹೇಳಿದರು. ಶೆಟ್ರ ಮುಖ ಕೆಂಪಾಯಿತು. "ಎಂತ ಮಾರಾಯ್ರೆ, ನಲವತ್ತು ವರ್ಷ! ನನ್ನ ಅಮ್ಮ ಸಾಯುವಾಗ ಆ ಫೋಟೋ ನೋಡಿಕೊಂಡೇ ಸತ್ತದ್ದು!" ಪಪ್ಪ ತಲೆ ತಗ್ಗಿಸಿದರು. ಶೆಟ್ರು ಅಂಗಳಕ್ಕೆ ಹೋಗಿ, ಚಪ್ಪಲಿ ಹಾಕಿ, ಚಪ್ಪಲಿ ತೆಗೆದು, ಮತ್ತೆ ಒಳಗೆ ಬಂದು ಕೂತರು. "ನನ್ನ ಮೊಮ್ಮಗನಿಗೂ ಮಾಧವ ಅಂತ ಇಟ್ಟಾಗಿದೆ. ಅವನನ್ನೂ ಉಲ್ಟಾ ಮಾಡ್ಲಿಕ್ಕಾಗ್ತದಾ?" ಬೇಬಿ ಅಡುಗೆಮನೆಯಲ್ಲಿ ನಗು ತಡೆದುಕೊಂಡದ್ದು ನನಗೆ ಕೇಳಿಸಿತು. ಕುಡಿಯುವುದಿಲ್ಲ ಎಂದ ಚಹಾವನ್ನು ಅವರು ಕುಡಿದೇ ಹೋದರು.

ಬುಧವಾರ ದೇವಸ್ಥಾನದ ತಂತ್ರಿಗಳಿಂದ ಮಾತು ಬಂತು. ಕಲ್ಲಿನಲ್ಲಿ ಕೇಶವನೇ ಬರಲಿ. ಫೋಟೋದ ಎದುರು ಆದ ಪ್ರಾರ್ಥನೆ ಎಲ್ಲಿಗೆ ಸಲ್ಲಬೇಕೋ ಅಲ್ಲಿಗೆ ಸಂದಿದೆ. ಆಚಾರ್ರು ಗುರುವಾರ ಕೆಳಗಿನ ಬಲಗೈಯಲ್ಲಿ ಪದ್ಮ ಇಳಿಸಿದರು, ಫೋನಿನಲ್ಲಿ ಚಿತ್ರ ಕಳಿಸಿದ್ದಾರೆ. ಶೆಟ್ರ ಹೆಂಡತಿ ಮಾತ್ರ, "ದೇವಸ್ಥಾನದಲ್ಲಿ ಯಾರಾದರೂ ಇರಲಿ, ನನ್ನ ಅಡುಗೆಮನೆಯಲ್ಲಿ ಮಾಧವನೇ" ಎಂದಿದ್ದಾರಂತೆ.

ಹೊಸ ಆಮಂತ್ರಣದಲ್ಲಿ ಸನ್ಮಾನದ ಸಾಲು ಇಲ್ಲ. ಯಾರೂ ನಮಗೆ ಕಾರಣ ಹೇಳಲಿಲ್ಲ, ನಾವೂ ಕೇಳಲಿಲ್ಲ. ವಾಟ್ಸಾಪಿನಲ್ಲಿ ಯಾರೋ, ಪಪ್ಪ ಬೇಕೆಂದೇ ಮಾಡಿದ್ದು ಎಂದು ಬರೆದರಂತೆ. ಅದಕ್ಕೆ ಶೆಟ್ರು, "ಒಂದಾದರೂ ಫೋಟೋ ನೀನು ತೆಗೆದಿದ್ದೀಯಾ?" ಎಂದು ಉತ್ತರ ಕೊಟ್ಟರಂತೆ. ಸರಿಯಾದದ್ದನ್ನು ಮಾಡಿದ ಮೇಲೆ ಹಗುರ ಆಗುತ್ತದೆ ಎನ್ನುತ್ತಾರೆ. ಪಪ್ಪನಿಗೆ ಆಗಿದೆ, ಮಧ್ಯಾಹ್ನ ಎರಡು ತಾಸು ನಿದ್ದೆ ಮಾಡುತ್ತಾರೆ. ನನಗೆ ಆಗಿಲ್ಲ.

ನಿನ್ನ ಗಂಡನಿಗೆ ನನ್ನ ನಮಸ್ಕಾರ ಹೇಳು. ಮಗಳು ಪರೀಕ್ಷೆಯ ನೆಪದಲ್ಲಿ ಊಟ ಬಿಡದ ಹಾಗೆ ನೋಡಿಕೋ. ನಿಮ್ಮ ಮೂವರನ್ನೂ, ನಿಮ್ಮ ಮನೆಯ ಹೊಸಿಲನ್ನೂ ದೇವರು ತನ್ನ ಕೈಯಲ್ಲಿ ಇಟ್ಟುಕೊಳ್ಳಲಿ.

ನಿನ್ನ ಅಕ್ಕ,
ಲೊರ್ನಾ

ಮರೆತದ್ದು ಎಂದು ಬರೆದರೆ ಸುಳ್ಳಾಗುತ್ತದೆ. ಇಷ್ಟು ಹೊತ್ತೂ ಇದನ್ನು ಬರೆಯುವ ಧೈರ್ಯಕ್ಕೇ ಕಾಯುತ್ತಿದ್ದೆ. ಮುದ್ದಣ್ಣ ಶೆಟ್ರು ಹೋದ ಮೇಲೆ ಪಪ್ಪ ತಾವಾಗಿಯೇ ನಿನ್ನ ಹೆಸರೆತ್ತಿದರು. "ವಿಲ್ಮಾ ಮದುವೆಗೆ ನನ್ನನ್ನು ಕರೆಯಲೇ ಇಲ್ಲ ಅಲ್ವಾ? ಕರೆದಿದ್ದರೆ ಹೋಗ್ತಿದ್ದೆ." ನೀನು ಅವರಿಗೆ ಕಳಿಸಿದ್ದ ಮದುವೆಯ ಕಾಗದವನ್ನು ಪೋಸ್ಟ್‌ಮ್ಯಾನ್ ಕೊಟ್ಟದ್ದು ನನ್ನ ಕೈಗೆ. ನಾನು ಅವರಿಗೆ ಕೊಡಲಿಲ್ಲ, ವಿಲ್ಮಾ. ಆಗ ನನಗೆ ಇಪ್ಪತ್ತೇಳು. ಒಂದು ಸಂಬಂಧದ ಮಾತು ನಡೆಯುತ್ತಿತ್ತು, ಚರ್ಚಿನ ಹೊರಗೆ ನಡೆಯುವ ನಿನ್ನ ಮದುವೆಯಲ್ಲಿ ಪಪ್ಪ ನಿಂತರೆ ಅದು ಮುರಿಯುತ್ತದೆ ಎಂದು ಹೆದರಿದೆ. ಅದು ಹೇಗೂ ಮುರಿಯಿತು. ಆಮೇಲೆ ಕೊಡುವಾ ಅಂದುಕೊಂಡೆ. ಅವರು ಬರಲಿಲ್ಲ ಎಂದು ನೀನು, ನೀನು ಕರೆಯಲಿಲ್ಲ ಎಂದು ಅವರು. ನಾನು ಇಬ್ಬರಿಗೂ ಮಧ್ಯೆ ಒಳ್ಳೆಯ ಮಗಳಾಗಿ, ಒಳ್ಳೆಯ ಅಕ್ಕನಾಗಿ ಇದ್ದೆ. ಇವತ್ತು ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಆ ಕಾಗದವನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ಕೇಳಿದರು. ಕೆಳಗೆ ನೀನು ಕೈಯಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿದರು: "ಪಪ್ಪಾ, ಕ್ಯಾಮೆರಾ ತರಬೇಡಿ, ಈ ಸಲ ಫೋಟೋದಲ್ಲಿ ನೀವೂ ಇರಬೇಕು." ಆಮೇಲೆ ಮದುವೆಯ ದಿನಾಂಕದ ಮೇಲೆ ಬೆರಳಿಟ್ಟು, "ಆ ದಿನ ಸ್ಟುಡಿಯೊಕ್ಕೆ ಯಾರೂ ಬರಲಿಲ್ಲ. ನಾನು ಬಾಗಿಲು ತೆರೆದಿಟ್ಟು ಸುಮ್ಮನೆ ಕೂತಿದ್ದೆ" ಎಂದರು.