ಕಲಾವನದ ಮುಂದೆ ನಿಲ್ಲದ ಬಸ್ಸು

ಸಾಗರ
10 ನವೆಂಬರ್ 2025

ಶಿವರಾಮ ಅವರಿಗೆ,

‘ರೀ’ ಎಂದು ಕರೆಯುವ ಸಲಿಗೆ ಮುಗಿದು ಎರಡು ವರ್ಷವಾಯಿತು. ಹಾಗಾಗಿ ಹೆಸರು ಹಿಡಿದೇ ಬರೆಯುತ್ತಿದ್ದೇನೆ. ಚೆನ್ನಾಗಿರಿ ಎಂದು ಹಾರೈಸುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ನಿನ್ನೆ ತೋಟ ನೋಡಲು ಹೊರಟಿದ್ದ ನಮ್ಮ ಬಸ್ಸು ನಿಮ್ಮ ಮನೆ ಮುಂದೆ ಯಾಕೆ ನಿಲ್ಲಲಿಲ್ಲವೆಂದು ವಾಗ್ದೇವಿಗೆ ಫೋನ್ ಮೇಲೆ ಫೋನ್ ಮಾಡುತ್ತಿದ್ದೀರಂತೆ. ಅವಳನ್ನು ಬಿಟ್ಟುಬಿಡಿ. ಈ ಪ್ರವಾಸ ಏರ್ಪಡಿಸಿದವಳು ನಾನು. ನಿಮ್ಮೊಡನೆ ಮಾತಾಡಿ ದಿನ ಗೊತ್ತುಮಾಡುವಾಗ ನನ್ನ ಹೆಸರು ಎತ್ತಬೇಡ ಎಂದು ಅವಳಿಗೆ ಹೇಳಿದ್ದೂ ನಾನೇ.

ಬೆಳಿಗ್ಗೆ ಮೊದಲು ನೋಡಿದ್ದು ಸಾಗರದಲ್ಲಿರುವ ಅವಳ ತೋಟವನ್ನು. ಹಳೇ ಹಿತ್ತಾಳೆ ಪಾತ್ರೆಗಳಲ್ಲಿ ಆರ್ಕಿಡ್ ತೂಗುಬಿಟ್ಟಿದ್ದಾಳೆ. ಹೊಸನಗರದ ಶ್ರೀನಾಥ್ ಮೇಷ್ಟ್ರು ಮೆಕ್ಸಿಕೋದ ಕಳ್ಳಿಗಳ ನಡುವೆ ತೆಂಗಿನ ಚಿಪ್ಪಿನ ಗೂಬೆಗಳನ್ನು ಕೂರಿಸಿದ್ದಾರೆ. "ಇವೆಲ್ಲ ನಮ್ಮನೆಯವ್ಳು ಮಾಡಿದ್ದು, ಅವ್ಳನ್ನೇ ಕೇಳಿ" ಎಂದು ಹೆಂಡತಿಯನ್ನು ಮುಂದಕ್ಕೆ ಕರೆದರು.

ನಮ್ಮ ತೋಟಕ್ಕೆ ಪತ್ರಿಕೆಯವರು ಬಂದ ದಿನ ನೆನಪಿದೆಯಾ? ಒಡೆದ ಟೈಲ್ಸ್ ಚೂರು ಆಯ್ದು ತಂದು ಆ ಸಿಮೆಂಟಿನ ನವಿಲಿಗೆ ಮೆತ್ತಿದವಳು ನಾನು. ಫಿಲಿಪ್ಪೀನ್ಸ್‌ನ ಜೇಡ್ ಬಳ್ಳಿಯನ್ನು ಕೂಸಿನ ಹಾಗೆ ಉಳಿಸಿಕೊಂಡವಳೂ ನಾನೇ. ಕಾಫಿ ತಟ್ಟೆ ಹಿಡಿದು ನಿಂತಿದ್ದ ನನ್ನೆದುರೇ ನೀವು, "ಎಲ್ಲಾ ನನ್ ಕೈಕೆಲ್ಸ. ಇವ್ಳಿಗೆ ಸಿಮೆಂಟು ಕಲ್ಸೋದೂ ಗೊತ್ತಿಲ್ಲ" ಎಂದು ನಕ್ಕಿರಿ. ಅವರು ಹೋದ ಮೇಲೆ ಜಗಳವಾಡಿದ್ದಕ್ಕೆ, "ಜಾಗ ಯಾರ್ದು?" ಎಂದಿರಿ. ಮರುದಿನ ನಾನು ಚೀಲ ಹಿಡಿದು ಅಕ್ಕನ ಮನೆಗೆ ಬಂದೆ.

ನಿನ್ನೆ ಅದೇ ಗೇಟಿಗೆ ‘ಶಿವರಾಮರ ಕಲಾವನ’ ಎಂಬ ಫ್ಲೆಕ್ಸ್. ನಿಮಗೆ ಹೊಸ ಅಂಗಿ, ಪಕ್ಕದಲ್ಲಿ ಕ್ಯಾಮೆರಾದವರು, ಬೇಲಿಯುದ್ದಕ್ಕೂ ನೀವು ಕರೆಸಿದ ಊರಿನವರು. ಜೇಡ್ ಬಳ್ಳಿ ಚಪ್ಪರದ ತುಂಬ ಹಬ್ಬಿತ್ತು. ಡ್ರೈವರ್ ವಾಸಪ್ಪ ಬಸ್ಸು ನಿಧಾನ ಮಾಡಿ, "ಇದೇ ಅಲ್ವಾ ಅಕ್ಕಾ? ನಿಲ್ಸ್ಲಾ?" ಎಂದ. ನೀವು ಕೈಮುಗಿದು ಮುಂದೆ ಬಂದಿರಿ. ಕಿಟಕಿಯಲ್ಲಿ ನನ್ನ ಮುಖ ಕಂಡು ನಿಮ್ಮ ಕೈ ಕೆಳಗಿಳಿಯಿತು.

ಬಸ್ಸು ನಿಲ್ಲಲಿಲ್ಲ.

ತೀರ್ಥಹಳ್ಳಿಯ ರಕ್ಷಾಳ ತೋಟದಲ್ಲಿ ನಾನು ಈ ವರ್ಷ ಮಾಡಿದ ಆನೆಯಿದೆ. ಅದರ ಬುಡದಲ್ಲಿ ದಪ್ಪ ಅಕ್ಷರದಲ್ಲಿ ನನ್ನ ಹೆಸರು ಬರೆಸಿದ್ದಾಳೆ. ಎಲ್ಲರೂ ಅದರ ಮುಂದೆ ಫೋಟೊ ತೆಗೆಸಿಕೊಂಡರು. ನಿಮ್ಮಲ್ಲಿ ನಮಗೆಂದು ಮಾಡಿಸಿದ ಕೇಸರಿಬಾತು ತಣ್ಣಗಾಗುತ್ತಿರುವುದನ್ನು ನೆನೆದು ನಾನು ಹೊಟ್ಟೆ ತುಂಬ ಉಂಡೆ. ಪಾಪ ಅನ್ನಿಸಿತೆಂದು ಬರೆದರೆ ಸುಳ್ಳಾಗುತ್ತದೆ. ಜನರೆದುರು ಲೆಕ್ಕಕ್ಕಿಲ್ಲದೆ ನಿಲ್ಲುವುದು ಹೇಗಿರುತ್ತದೆಂದು ನಿಮಗೂ ಗೊತ್ತಾಗಲಿ.

ಬಸ್ಸು ಇನ್ನು ಪ್ರತಿ ವರ್ಷವೂ ಅದೇ ದಾರಿಯಲ್ಲಿ ಹೋಗುತ್ತದೆ. ಫ್ಲೆಕ್ಸ್ ಬಿಚ್ಚಿಡಿ.

ಆ ನವಿಲು ಮಾಡಿದವಳು,
ಸುಮನಾ

ಮತ್ತೊಂದು ಮಾತು: ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ನೀವು ಕೈಮುಗಿದದ್ದು ಕಂಡಾಗ ನಾನು ಸೋತೆ. ನಿಲ್ಲಿಸು ಎನ್ನಲು ಬಾಯಿ ತೆರೆದಿದ್ದೆ. "ನಿಲ್ಸಬ್ಯಾಡ ವಾಸಪ್ಪ, ಮುಂದ್ ಹೋಗ್ಲಿ" ಎಂದವರು ನನ್ನ ಹಿಂದೆ ಕೂತಿದ್ದ ನಿಮ್ಮ ಅಮ್ಮ. ಹೊಸನಗರದಲ್ಲಿ ಹತ್ತಿದ್ದರು. ಪತ್ರಿಕೆಯವರು ಬಂದ ದಿನ ಕುಂಡಕ್ಕೆ ಮಣ್ಣು ತುಂಬುತ್ತಿದ್ದ ಅವರನ್ನು ಯಾರೆಂದು ಕೇಳಿದಾಗ, ನೀವು "ಕೆಲ್ಸದವ್ರು" ಎಂದಿರಂತೆ. ಅವರು ಮಗಳ ಮನೆ ಸೇರಿದ್ದು ಯಾಕೆಂದು ನೀವು ಒಮ್ಮೆಯೂ ಕೇಳಲಿಲ್ಲ.